ಹಳೆಯ ಗಣಕಯಂತ್ರಗಳಲ್ಲಿ ಲಘು ಕಾರ್ಯಾಚರಣ ವ್ಯವಸ್ಥೆಗಳು: ಹಸ್ತಪ್ರತಿ ಸೂಚೀಕಾರ್ಯದ ದೃಷ್ಟಿಯಿಂದ

1. ವಿಷಯಪ್ರವೇಶ

ತಾಳೆಯೋಲೆ ಹಾಗೂ ಕಾಗದದ ಹಸ್ತಪ್ರತಿಗಳ ಸೂಚಿಗಳನ್ನು ಗಣಕಯಂತ್ರದ ನೆರವಿನಿಂದ ಸಿದ್ಧಪಡಿಸುವ ಪದ್ಧತಿಯು ನಮ್ಮ ನಾಡಿನಲ್ಲಿ ಬಳಕೆಗೆ ಬಂದು ಎರಡು ದಶಕಗಳಿಗೂ ಮಿಕ್ಕಿದ ಕಾಲ ಸಂದಿದೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶವು 1998ರಲ್ಲಿ ಪ್ರಕಟವಾಯಿತು. ಅನಂತರದ ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಗೊಳಿಸಿತು. ಇವೆರಡರಿಂದಾಗಿ ಮಠ, ವಿದ್ಯಾಪೀಠ, ಕಾಲೇಜು, ಗ್ರಂಥಭಂಡಾರಗಳಲ್ಲಿ ದುಡಿಯುತ್ತಿದ್ದ ವಿದ್ವಾಂಸರು ಸೂಚೀಪತ್ರಗಳನ್ನೂ ಪ್ರಶಸ್ತಿ, ಪುಷ್ಪಿಕೆಗಳ ಪಾಠಗಳನ್ನೂ ತಾವೇ ಬೆರಳಚ್ಚು ಮಾಡಿ ಇರಿಸಿಕೊಳ್ಳುವುದು ಸಾಧ್ಯವಾಯಿತು.

ಆ ಕಾಲದ ಯಂತ್ರಗಳಲ್ಲಿ ಹಲವು ಇಂದು ಮೂಲೆಗುಂಪಾಗಿವೆ. ಅವುಗಳಲ್ಲಿದ್ದ ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಗೆ ತಯಾರಕರ ಪೋಷಣೆಯು 8 ಏಪ್ರಿಲ್ 2014ರಂದು ನಿಂತಿತು. ವಿಂಡೋಸ್ 7ಕ್ಕೆ 14 ಜನವರಿ 2020ರಂದು, ವಿಂಡೋಸ್ 10ಕ್ಕೆ 14 ಅಕ್ಟೋಬರ್ 2025ರಂದು ನಿಂತಿತು. ಯಂತ್ರ ಹಳತಾಯಿತೆಂಬ ಒಂದೇ ಕಾರಣಕ್ಕೆ ಅದನ್ನು ಗುಜರಿಗೆ ಸಾಗಿಸುವಾಗ ಅದರೊಳಗಿನ ಸೂಚಿಯೂ ಅದರೊಡನೆ ಹೋಗುವ ಸಂಭವವುಂಟು. ಹಾಗೆ ಹೋದ ಸೂಚಿಯ ಮೂಲ ಓಲೆಗಳು ಈ ನಡುವೆ ಹುಳು ಹಿಡಿದೋ ಮುರಿದೋ ಹಾಳಾಗಿದ್ದರೆ ನಷ್ಟವು ಇಮ್ಮಡಿಯಾಗುತ್ತದೆ.

ಇಂತಹ ಯಂತ್ರಗಳನ್ನು ಲಘು ಕಾರ್ಯಾಚರಣ ವ್ಯವಸ್ಥೆಗಳ ಮೂಲಕ ಮತ್ತೆ ಕಾರ್ಯಕ್ಷಮಗೊಳಿಸುವ ಬಗೆ ಯಾವುದು, ಅದರಿಂದ ಹಸ್ತಪ್ರತಿಶಾಸ್ತ್ರದ ಅಭ್ಯಾಸಿಗಳಿಗೆ ಒದಗುವ ಪ್ರಯೋಜನವೆಷ್ಟು, ಅದರ ಮಿತಿಗಳೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ಗಣಕದ ಪರಿಭಾಷೆಯಲ್ಲಿ ‘ಕಡತ’ ಎಂಬ ಶಬ್ದಕ್ಕೆ ಬೇರೆ ಅರ್ಥ ರೂಢವಾಗಿದ್ದರೂ, ಹಸ್ತಪ್ರತಿಗಳ ವಿಷಯದಲ್ಲಿ ಕಡತವೆಂದರೆ ಮಸಿ ಹಚ್ಚಿದ ಬಟ್ಟೆಯ ಪುಸ್ತಕವೇ ಆದುದರಿಂದ, ಗೊಂದಲವಾಗದಿರಲೆಂದು ಇಲ್ಲಿ ಗಣಕದ ಬರಹಗಳನ್ನು ‘ಫೈಲು’ ಎಂದೇ ಕರೆಯಲಾಗಿದೆ.

2. ಕಾರ್ಯಾಚರಣ ವ್ಯವಸ್ಥೆಯ ಸ್ವರೂಪ

ಗಣಕಯಂತ್ರದಲ್ಲಿ ಸಂಸ್ಕಾರಕ, ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿ, ಹಾರ್ಡ್ ಡಿಸ್ಕ್ ಎಂಬ ಶಾಶ್ವತ ಸಂಗ್ರಹ ಎಂಬ ಮೂರು ಮುಖ್ಯ ಅಂಗಗಳಿವೆ. ಭಂಡಾರದ ದೃಷ್ಟಾಂತದಿಂದ ಹೇಳುವುದಾದರೆ, ಹಾರ್ಡ್ ಡಿಸ್ಕ್ ಎಂಬುದು ಕಟ್ಟುಗಳನ್ನು ಇರಿಸಿದ ಕಪಾಟು. ರ್‍ಯಾಮ್ ಎಂಬುದು ಓದಲು ಕಟ್ಟನ್ನು ಬಿಚ್ಚಿ ಹರಡುವ ವ್ಯಾಸಪೀಠ. ಸಂಸ್ಕಾರಕನೆಂಬುದು ಓದುವ ಪಂಡಿತ. ಪಂಡಿತನು ಎಷ್ಟೇ ಸಮರ್ಥನಾಗಿದ್ದರೂ ಪೀಠವು ಕಿರಿದಾಗಿದ್ದಲ್ಲಿ ಒಂದು ಕಟ್ಟನ್ನು ಮುಚ್ಚಿಟ್ಟಲ್ಲದೆ ಮತ್ತೊಂದನ್ನು ಬಿಚ್ಚಲಾರನು. ಹಳೆಯ ಯಂತ್ರಗಳು ನಿಧಾನವಾಗಿವೆಯೆಂದು ನಾವು ಹೇಳುವಲ್ಲಿ ಬಹುಮಟ್ಟಿಗೆ ಕಾರಣವಾಗಿರುವುದು ಈ ಪೀಠದ ಸಂಕೋಚವೇ.

ಈ ಅಂಗಗಳನ್ನು ಪರಸ್ಪರ ಹೊಂದಿಸಿ, ಬರಹ, ಮುದ್ರಣ ಮೊದಲಾದ ತಂತ್ರಾಂಶಗಳಿಗೆ ಅವುಗಳ ಸೇವೆಯನ್ನು ಹಂಚಿಕೊಡುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್. ಇದರ ತಿರುಳಿಗೆ ‘ಕರ್ನಲ್’ ಎಂದು ಹೆಸರು. ತಿರುಳಿನ ಮೇಲೆ ಹಿನ್ನೆಲೆಯ ಸೇವೆಗಳು, ಅವುಗಳ ಮೇಲೆ ಪರದೆಯ ಕಿಟಕಿಗಳು ಹಾಗೂ ಚಿತ್ರಸಂಕೇತಗಳ ವ್ಯವಸ್ಥೆ, ಅದರ ಮೇಲೆ ನಾವು ಬಳಸುವ ತಂತ್ರಾಂಶಗಳು ಎಂಬಂತೆ ಪದರಗಳಿವೆ.

ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಪ್ರಕಟಿಸಿದ ‘ಲಿನಕ್ಸ್’ ಎಂಬ ಕರ್ನಲ್, ಹಾಗೂ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಘೋಷಿಸಿದ ‘ಗ್ನು’ ಯೋಜನೆಯ ಸಾಧನಗಳು, ಇವೆರಡರ ಸಂಯೋಗದಿಂದ ಹುಟ್ಟಿದ ವ್ಯವಸ್ಥೆಗಳನ್ನು ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ಪದರಗಳನ್ನು ಬಿಡಿಸಿ, ಬೇಡವಾದುದನ್ನು ತೆಗೆದು, ಬೇಕಾದುದನ್ನು ಮಾತ್ರ ಉಳಿಸಿ ಮತ್ತೆ ಕಟ್ಟುವ ಸ್ವಾತಂತ್ರ್ಯ ಇಲ್ಲಿರುವುದರಿಂದಲೇ ಲಘು ವ್ಯವಸ್ಥೆಗಳು ಸಾಧ್ಯವಾದುವು.

3. ಭಾರಕ್ಕೆ ಕಾರಣಗಳು

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಮೆಗಾಬೈಟು ರ್‍ಯಾಮ್ ಸಾಕೆಂದು ತಯಾರಕರು ಹೇಳಿದ್ದರು. 2021ರ ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟು ರ್‍ಯಾಮ್, 64 ಗಿಗಾಬೈಟು ಸಂಗ್ರಹ, ಜೊತೆಗೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪು ಅವಶ್ಯ. ಇಪ್ಪತ್ತು ವರ್ಷಗಳಲ್ಲಿ ಪೀಠದ ಅಳತೆಯು 64 ಪಟ್ಟು ಹಿರಿದಾಗಬೇಕಾಯಿತು. ಹೀಗಿದ್ದರೂ ಒಂದು ಕೃತಿಯ ಹೆಸರು, ಕರ್ತೃ, ಗರಿಗಳ ಸಂಖ್ಯೆ, ಅಳತೆ, ಲಿಪಿ, ಆದ್ಯಂತ ವಾಕ್ಯಗಳು ಇಷ್ಟನ್ನು ದಾಖಲಿಸುವ ಸೂಚೀಕಾರನ ಕೆಲಸವು ಆ ಪ್ರಮಾಣದಲ್ಲಿ ಬೆಳೆದಿಲ್ಲವೆಂಬುದು ವಿದಿತವೇ ಸರಿ.

ಈ ಭಾರದಲ್ಲಿ ಕರ್ನಲ್‌ನ ಪಾಲು ಅಲ್ಪ. ನೆರಳು, ಪಾರದರ್ಶಕತೆ, ಚಲನೆ ಮೊದಲಾದ ಅಲಂಕಾರಗಳುಳ್ಳ ಪರದೆಯ ವ್ಯವಸ್ಥೆಯದು ಒಂದು ದೊಡ್ಡ ಪಾಲು. ಫೈಲುಗಳನ್ನು ಸದಾ ಹುಡುಕಿ ಪಟ್ಟಿಮಾಡುವ, ಹೊಸ ಆವೃತ್ತಿಗಳನ್ನು ತಾನಾಗಿ ತಂದುಕೊಳ್ಳುವ ಹಿನ್ನೆಲೆಯ ಸೇವೆಗಳದು ಇನ್ನೊಂದು ಪಾಲು. ಅಂತರಜಾಲವನ್ನು ತೋರಿಸುವ ಬ್ರೌಸರಿನದು ಎಲ್ಲಕ್ಕಿಂತಲೂ ಹಿರಿದು. ರ್‍ಯಾಮ್ ತುಂಬಿದಾಗ ವ್ಯವಸ್ಥೆಯು ಅದರ ಕೆಲವಂಶವನ್ನು ಹಾರ್ಡ್ ಡಿಸ್ಕಿಗೆ ವರ್ಗಾಯಿಸಿ, ಬೇಕಾದಾಗ ಮರಳಿ ತರುತ್ತದೆ. ತಿರುಗುವ ಡಿಸ್ಕಿನ ವೇಗವು ರ್‍ಯಾಮಿನ ವೇಗಕ್ಕಿಂತ ಬಹುಪಾಲು ಕಡಿಮೆಯಾದುದರಿಂದ, ಅಕ್ಷರವೊಂದನ್ನು ಒತ್ತಿದರೆ ಅದು ಪರದೆಯ ಮೇಲೆ ಮೂಡಲು ಕಾಯಬೇಕಾದ ಸ್ಥಿತಿ ಒದಗುತ್ತದೆ.

4. ಲಘು ವ್ಯವಸ್ಥೆಗಳು

ಲಘು ವ್ಯವಸ್ಥೆಗಳನ್ನು ರೂಪಿಸಿದವರು ಮೇಲಿನ ಮೂರು ಪಾಲುಗಳಲ್ಲಿ ಮೊದಲನೆಯೆರಡನ್ನು ಕಡಿತಗೊಳಿಸಿದ್ದಾರೆ. ಪೂರ್ಣ ಪ್ರಮಾಣದ ಪರದೆಯ ವ್ಯವಸ್ಥೆಯ ಬದಲು, ಕಿಟಕಿಗಳನ್ನು ತೆರೆದು ಮುಚ್ಚಿ ಸರಿಸುವಷ್ಟಕ್ಕೇ ಸೀಮಿತವಾದ ಐಸ್‌ಡಬ್ಲ್ಯುಎಂ, ಜೆಡಬ್ಲ್ಯುಎಂ, ಫ್ಲಕ್ಸ್‌ಬಾಕ್ಸ್ ಮುಂತಾದ ಚಿಕ್ಕ ತಂತ್ರಾಂಶಗಳನ್ನು ಬಳಸುತ್ತಾರೆ. ಹಿನ್ನೆಲೆಯ ಸೇವೆಗಳನ್ನು ಅನಿವಾರ್ಯವಾದಷ್ಟೇ ಉಳಿಸುತ್ತಾರೆ. ಮುಖ್ಯವಾದ ಕೆಲವನ್ನು ಇಲ್ಲಿ ಪರಿಚಯಿಸಬಹುದು.

ಪಪ್ಪಿ ಲಿನಕ್ಸ್: ಆಸ್ಟ್ರೇಲಿಯದ ಬ್ಯಾರಿ ಕೌಲರ್ ಅವರು 2003ರಲ್ಲಿ ಆರಂಭಿಸಿದುದು. ಇದರ ವೈಶಿಷ್ಟ್ಯವೆಂದರೆ ಇಡೀ ವ್ಯವಸ್ಥೆಯು ಒತ್ತಡಿಸಿದ ಒಂದು ಫೈಲಿನ ರೂಪದಲ್ಲಿ ಸಿ.ಡಿ. ಅಥವಾ ಪೆನ್ ಡ್ರೈವಿನಲ್ಲಿದ್ದು, ಯಂತ್ರವನ್ನು ಚಾಲೂ ಮಾಡಿದಾಗ ಸ್ಥಳವಿದ್ದಲ್ಲಿ ಪೂರ್ತಿಯಾಗಿ ರ್‍ಯಾಮಿಗೆ ಬಂದು ನಿಲ್ಲುತ್ತದೆ. ಹಾರ್ಡ್ ಡಿಸ್ಕನ್ನು ಮುಟ್ಟುವ ಅಗತ್ಯವೇ ಇಲ್ಲ. ಡಿಸ್ಕು ಕೆಟ್ಟಿದ್ದರೂ, ಇಲ್ಲದೆಯೇ ಇದ್ದರೂ ಯಂತ್ರವು ನಡೆಯುತ್ತದೆ. ಡೆಬಿಯನ್ 12ರ ಆಧಾರದ ಮೇಲೆ ರಚಿತವಾದ ಇದರ ‘ಬುಕ್‌ವರ್ಮ್‌ಪಪ್’ ಆವೃತ್ತಿಯು 32 ಬಿಟ್ ಹಾಗೂ 64 ಬಿಟ್ ಎರಡು ಬಗೆಯ ಯಂತ್ರಗಳಿಗೂ ದೊರೆಯುತ್ತದೆ.

ಆ್ಯಂಟಿಎಕ್ಸ್: ಡೆಬಿಯನ್ ಎಂಬ ಹಿರಿಯ ಲಿನಕ್ಸ್ ವಿತರಣೆಯಿಂದ ಕವಲೊಡೆದುದು. 256 ಮೆಗಾಬೈಟು ರ್‍ಯಾಮ್ ಉಳ್ಳ ಯಂತ್ರದಿಂದ ಮೊದಲ್ಗೊಂಡು ನಡೆಯುವಂತೆ ಇದನ್ನು ರೂಪಿಸಲಾಗಿದೆ. ಡಿಸ್ಕಿನಲ್ಲಿ ಸ್ಥಾಯಿಯಾಗಿ ಸ್ಥಾಪಿಸಿ ನಿತ್ಯದ ಕೆಲಸಕ್ಕೆ ಬಳಸಲು ಇದು ಅನುಕೂಲ. 2023ರಲ್ಲಿ ಬಂದ ಇದರ 23ನೆಯ ಆವೃತ್ತಿಯಲ್ಲಿ 32 ಬಿಟ್ ರೂಪವೂ ಉಂಟು.

ಟೈನಿ ಕೋರ್: ಚಿತ್ರಪರದೆಯ ಸಹಿತವಾಗಿ ಇಡೀ ವ್ಯವಸ್ಥೆ ಸುಮಾರು 23 ಮೆಗಾಬೈಟಿನಷ್ಟು ಮಾತ್ರ. ಆದರೆ ಬೇಕಾದ ಪ್ರತಿಯೊಂದು ಅಂಗವನ್ನೂ ಬಳಕೆದಾರರೇ ಸೇರಿಸಿಕೊಳ್ಳಬೇಕಾದುದರಿಂದ ಇದು ಪರಿಣತರಿಗೆ ಮಾತ್ರ ಯೋಗ್ಯ.

ಡ್ಯಾಮ್ ಸ್ಮಾಲ್ ಲಿನಕ್ಸ್: ಇದನ್ನು ಮೊದಲಲ್ಲಿ 50 ಮೆಗಾಬೈಟಿನ ಮಿತಿಯೊಳಗೇ ಇರಿಸಲಾಗಿತ್ತು. ಹಲವು ವರ್ಷ ನಿಂತುಹೋಗಿದ್ದ ಈ ವ್ಯವಸ್ಥೆಯನ್ನು 2024ರಲ್ಲಿ ಪುನರಾರಂಭಿಸಿದಾಗ ಮಿತಿಯನ್ನು ಒಂದು ಸಿ.ಡಿ.ಯ ಅಳತೆಯಾದ 700 ಮೆಗಾಬೈಟಿಗೆ ಏರಿಸಬೇಕಾಯಿತು. ಲಘುತ್ವವನ್ನೇ ಗುರಿಯಾಗಿಸಿಕೊಂಡವರಿಗೂ ಕಾಲದ ಒತ್ತಡವು ತಪ್ಪಿದ್ದಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇಲ್ಲಿ 32 ಬಿಟ್, 64 ಬಿಟ್ ಎಂಬ ಭೇದವನ್ನು ತಿಳಿದಿರುವುದು ಅಗತ್ಯ. ಪೆಂಟಿಯಂ 3, ಪೆಂಟಿಯಂ 4ರ ಮೊದಲ ಮಾದರಿಗಳು 32 ಬಿಟ್‌ನವು. 2006ರಲ್ಲಿ ಬಂದ ಕೋರ್ 2 ಡ್ಯುಯೋ ಹಾಗೂ ಅದರ ಮುಂದಿನ ಮೇಜುಗಣಕಗಳು ಬಹುತೇಕ 64 ಬಿಟ್‌ನವು. ಯಂತ್ರದಲ್ಲಿ 32 ಬಿಟ್‌ನ ವಿಂಡೋಸ್ ಇದ್ದ ಮಾತ್ರಕ್ಕೆ ಸಂಸ್ಕಾರಕವೂ 32 ಬಿಟ್‌ನದೆಂದು ಭಾವಿಸಲಾಗದು. ಸಂಸ್ಕಾರಕದ ಹೆಸರನ್ನು ಓದಿ ನಿರ್ಣಯಿಸಬೇಕು. ಲುಬುಂಟು ವ್ಯವಸ್ಥೆಯು 2019ರ 19.04 ಆವೃತ್ತಿಯಿಂದ 32 ಬಿಟ್ ಯಂತ್ರಗಳನ್ನು ಕೈಬಿಟ್ಟಿತು. 9 ಆಗಸ್ಟ್ 2025ರಂದು ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇಂಟೆಲ್ ಯಂತ್ರಗಳಿಗೆ ಸ್ಥಾಪನಾ ಪ್ರತಿಯೇ ಇಲ್ಲ. ಫೈರ್‌ಫಾಕ್ಸ್ ಬ್ರೌಸರು 2025ರ ನವೆಂಬರಿನ 145ನೆಯ ಆವೃತ್ತಿಯಿಂದ 32 ಬಿಟ್ ಲಿನಕ್ಸನ್ನು ಬಿಟ್ಟಿದೆ. ಆದುದರಿಂದ 64 ಬಿಟ್‌ನ ಹಳೆಯ ಯಂತ್ರಕ್ಕೆ ಇನ್ನೂ ಹಲವು ವರ್ಷಗಳ ಆಯುಸ್ಸನ್ನು ನಿರೀಕ್ಷಿಸಬಹುದು. 32 ಬಿಟ್‌ನ ಯಂತ್ರದಲ್ಲಾದರೋ ಮಾಡಬೇಕಾದ ಕೆಲಸವನ್ನು ಬೇಗನೆ ಮಾಡಿ ಮುಗಿಸಬೇಕು.

5. ಕನ್ನಡ ನಾಡಿನ ನಿದರ್ಶನಗಳು

ಅಲ್ಪ ಸಾಮರ್ಥ್ಯದ ಯಂತ್ರದಲ್ಲಿ ಲಿನಕ್ಸನ್ನು ನಡೆಸುವ ಪ್ರಯತ್ನವು ನಮ್ಮ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯವರೊಡಗೂಡಿ ಈ ಶತಮಾನದ ಆರಂಭದಲ್ಲಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಕೈಗಣಕವು 32 ಅಥವಾ 64 ಮೆಗಾಬೈಟು ರ್‍ಯಾಮಿನಲ್ಲಿ ಲಿನಕ್ಸನ್ನು ನಡೆಸುತ್ತಿತ್ತು. ಸರಳ, ಅಲ್ಪವ್ಯಯದ, ಬಹುಭಾಷೆಯ ಜನಗಣಕವೆಂಬುದು ಅದರ ಹೆಸರಿನ ಭಾವ. ಕರ್ನಾಟಕ ಸರಕಾರದ ಭೂದಾಖಲೆಗಳ ಕೆಲಸದಲ್ಲಿ ಅದರ ಪ್ರಯೋಗವೂ ನಡೆಯಿತು. ಮಾರುಕಟ್ಟೆಯಲ್ಲಿ ಅದು ನೆಲೆಯೂರಲಿಲ್ಲವಾದರೂ, ಭಾರತೀಯ ಭಾಷೆಗಳ ಬಳಕೆಗೆ ಭಾರಿ ಯಂತ್ರ ಬೇಕಿಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು.

ಎರಡನೆಯ ನಿದರ್ಶನ ಕಾಸರಗೋಡಿನದು. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಐ.ಟಿ. ಅಟ್ ಸ್ಕೂಲ್ ಯೋಜನೆಯು ಮುಂದೆ ‘ಕೈಟ್’ ಎಂಬ ಸಂಸ್ಥೆಯಾಗಿ, ರಾಜ್ಯದ ಶಾಲೆಗಳಿಗೆ ಗ್ನು ಲಿನಕ್ಸ್ ಆಧಾರದ ತನ್ನದೇ ವ್ಯವಸ್ಥೆಯನ್ನು ಸಿದ್ಧಪಡಿಸಿ ಹಂಚುತ್ತಿದೆ. ಕಾಸರಗೋಡು, ಮಂಜೇಶ್ವರ ಪ್ರದೇಶಗಳ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಗಣಕವನ್ನು ಕಲಿಯುತ್ತಾರೆ. ಆ ವಿಷಯದ ಪಠ್ಯಪುಸ್ತಕವು ಕನ್ನಡದಲ್ಲಿಯೂ ಇದೆ. ಲಿನಕ್ಸ್ ಎಂಬುದು ತಜ್ಞರಿಗೆ ಮಾತ್ರ ಸಾಧ್ಯವೆಂಬ ಭಾವನೆ ನಮ್ಮ ಪಂಡಿತವರ್ಗದಲ್ಲಿ ಇದ್ದಲ್ಲಿ, ಗಡಿನಾಡಿನ ಕನ್ನಡ ಶಾಲೆಯ ಬಾಲಕರು ಅದನ್ನು ನಿತ್ಯವೂ ಬಳಸುತ್ತಿರುವುದನ್ನು ನೆನೆದು ಆ ಶಂಕೆಯನ್ನು ಬಿಡಬಹುದು.

6. ಹಳೆಯ ಅಕ್ಷರಸಂಕೇತಗಳ ಸಮಸ್ಯೆ

ಹಳೆಯ ಯಂತ್ರವು ಎದ್ದು ನಿಂತಿತೆಂದ ಮಾತ್ರಕ್ಕೆ ಸೂಚಿಯು ಕೈಸೇರಿದಂತಾಗದು. ಹಳೆಯ ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳಲ್ಲಿ ಸಿದ್ಧಪಡಿಸಿದ ಫೈಲುಗಳು ಕನ್ನಡದ ಅಕ್ಷರಗಳನ್ನು ದಾಖಲಿಸಿರಲಿಲ್ಲ. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರಖಂಡಗಳ ಆಕಾರಗಳನ್ನು ಇರಿಸಿದ್ದುವು. ತಕ್ಕ ಫಾಂಟು ಇದ್ದರೆ ಕನ್ನಡವಾಗಿ ಕಾಣುವ ಬರಹವು, ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತದೆ. ಗೂಢಲಿಪಿಯಲ್ಲಿ ಬರೆದ ಗ್ರಂಥದ ಕೀಲಿಯು ಕಳೆದುಹೋದಂತೆಯೇ ಇದು.

ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಸ್ವಂತ ಸ್ಥಾನವಿದೆ. ಹಳಗನ್ನಡದ ಅಭ್ಯಾಸಿಗಳಿಗೆ ಬೇಕಾದ ಱ, ೞ ಅಕ್ಷರಗಳು ಅದರಲ್ಲಿವೆ. ಹಸ್ತಪ್ರತಿಗಳಲ್ಲಿ ಕಾಣುವ ನಕಾರಪೊಲ್ಲು ಚಿಹ್ನೆಯೂ 2021ರ 14ನೆಯ ಆವೃತ್ತಿಯಲ್ಲಿ ಸೇರಿತು. ಆದುದರಿಂದ ಹಳೆಯ ಫೈಲುಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು ಅವಶ್ಯ. ಅದಕ್ಕೆ ಉಚಿತ ಪರಿವರ್ತಕಗಳೂ ಇವೆ. ಆದರೆ ಪರಿವರ್ತನೆಯ ಫಲವನ್ನು ಪರೀಕ್ಷಿಸದೆ ಸ್ವೀಕರಿಸಲಾಗದು.

ನಾಗಮಂಗಲ ಪ್ರದೇಶದ ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಗಂಗರಾಜ ಶ್ರೀಪುರುಷನ ಶಕ 698ರ, ಎಂದರೆ ಕ್ರಿ.ಶ. 776ರ ನಾಗಮಂಗಲದ ತಾಮ್ರಪಟಗಳು ಶ್ರೀಪುರದ ಲೋಕತಿಲಕ ಜಿನಾಲಯಕ್ಕೆ ಸಂದ ದತ್ತಿಯನ್ನು ಹೇಳುತ್ತವೆ. ಅವುಗಳಲ್ಲಿ ನಿರ್ಗುಂದ ಅರಸರ ಪ್ರಸ್ತಾಪವಿದೆ. ‘ನಿರ್ಗುಂದ’ ಎಂಬುದನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆದರೆ ಅರ್ಕಾವೊತ್ತು ‘ಗು’ ಅಕ್ಷರದ ಬಳಿಕ ಬರುತ್ತದೆ. ಹಳೆಯ ಫಾಂಟುಗಳ ಫೈಲಿನಲ್ಲಿಯೂ ಅದೇ ಕ್ರಮ. ಯೂನಿಕೋಡಿನಲ್ಲಾದರೋ ಉಚ್ಚಾರಣೆಯ ಕ್ರಮ ಪ್ರಧಾನ. ‘ರ್’ ಎಂಬುದು ‘ಗು’ವಿಗಿಂತ ಮೊದಲು ಬರಬೇಕು. ಪರಿವರ್ತಕವು ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದಲ್ಲಿ ರೇಫವು ‘ಗು’ವಿನ ಆಚೆಗೆ ಉಳಿದು ಹೆಸರೇ ವಿರೂಪಗೊಳ್ಳುತ್ತದೆ. ಮುಂದೆ ಸಂಶೋಧಕರೊಬ್ಬರು ‘ನಿರ್ಗುಂದ’ವೆಂದು ಹುಡುಕಿದಾಗ ಯಂತ್ರವು ಏನನ್ನೂ ತೋರಿಸದು. ಸೂಚಿಯಲ್ಲಿದ್ದೂ ಇಲ್ಲದಂತಾದ ಈ ಲೋಪವು ಸೂಚಿಯೇ ಇಲ್ಲದಿರುವುದಕ್ಕಿಂತ ಹೆಚ್ಚಿನ ಹಾನಿಯನ್ನುಂಟುಮಾಡಬಲ್ಲದು. ಏಕೆಂದರೆ ಹುಡುಕಿದವರು ಅಂತಹ ಉಲ್ಲೇಖವೇ ಇಲ್ಲವೆಂದು ನಿರ್ಣಯಿಸಿಬಿಡುವರು.

ಈ ಕಾರಣದಿಂದಲೇ ಹಳೆಯ ಯಂತ್ರದ ಉಪಯೋಗ ಎದ್ದು ಕಾಣುತ್ತದೆ. ಫೈಲು, ಅದನ್ನು ರಚಿಸಿದ ಫಾಂಟು ಇವೆರಡೂ ಒಟ್ಟಿಗೆ ಉಳಿದಿರುವ ಸ್ಥಳ ಬಹುಶಃ ಆ ಯಂತ್ರದ ಡಿಸ್ಕು ಒಂದೇ. ಫಾಂಟಿನ ಫೈಲನ್ನು ಅಲ್ಲಿಂದ ತೆಗೆದು ಲಘು ಲಿನಕ್ಸಿನ ಫಾಂಟುಗಳ ಕೋಶದಲ್ಲಿರಿಸಿದರೆ ಹಳೆಯ ಬರಹವು ಮೂಲರೂಪದಲ್ಲಿ ಕಾಣುತ್ತದೆ. ಅದನ್ನು ಮಾತೃಕೆಯಾಗಿರಿಸಿಕೊಂಡು ಪರಿವರ್ತಿತ ಪಾಠವನ್ನು ಸಾಲುಸಾಲಾಗಿ ಹೋಲಿಸಿ ನೋಡಬಹುದು. ಪಾಠಾಂತರಗಳನ್ನು ಹೋಲಿಸಿ ಬಲ್ಲ ವಿದ್ವಾಂಸರಿಗೆ ಈ ಕೆಲಸದಲ್ಲಿ ವಿಶೇಷ ಶಿಕ್ಷಣವೇನೂ ಬೇಕಾಗದು.

7. ಕಾರ್ಯಕ್ರಮ

ಹಳೆಯ ಯಂತ್ರವೊಂದು ದೊರೆತಾಗ ಅನುಸರಿಸಬೇಕಾದ ಕ್ರಮವನ್ನು ಹೀಗೆ ನಿರೂಪಿಸಬಹುದು.

ಮೊದಲನೆಯದಾಗಿ, ಯಂತ್ರದೊಳಗಿನ ಹಳೆಯ ವಿಂಡೋಸನ್ನು ಪದೇಪದೇ ಚಾಲೂ ಮಾಡಬಾರದು. ಪ್ರತಿ ಚಾಲನೆಯಲ್ಲಿಯೂ ಅದು ಡಿಸ್ಕಿನ ಮೇಲೆ ಏನನ್ನಾದರೂ ಬರೆಯುತ್ತದೆ. ಜೀರ್ಣವಾದ ಡಿಸ್ಕು ಅಷ್ಟರಲ್ಲಿಯೇ ನಿಂತುಹೋಗಬಹುದು. ಪೆಟ್ಟಿಗೆಯನ್ನು ತೆರೆದು ಧೂಳನ್ನು ತೆಗೆದು, ಉಬ್ಬಿದ ಕೆಪಾಸಿಟರುಗಳಿವೆಯೇ ಎಂದು ನೋಡಬೇಕು. ಗಡಿಯಾರದ ಸಿ.ಆರ್. 2032 ಬಿಲ್ಲೆಯನ್ನು ಬದಲಾಯಿಸಬೇಕು; ಅದು ಬತ್ತಿದ್ದರೆ ದಿನಾಂಕವು ತಪ್ಪಿ, ಹೊಸ ಫೈಲುಗಳ ಮೇಲೆ ಸುಳ್ಳು ತೇದಿ ಬೀಳುವುದಲ್ಲದೆ ಅಂತರಜಾಲದ ಸುರಕ್ಷಿತ ತಾಣಗಳೂ ತೆರೆಯವು.

ಎರಡನೆಯದಾಗಿ, ಪಪ್ಪಿ ಅಥವಾ ಆ್ಯಂಟಿಎಕ್ಸನ್ನು ಪೆನ್ ಡ್ರೈವಿನಿಂದ ಚಾಲೂ ಮಾಡಬೇಕು. ಬಹು ಹಳೆಯ ಯಂತ್ರಗಳು ಪೆನ್ ಡ್ರೈವಿನಿಂದ ಆರಂಭವಾಗಲಾರವು, ಅಂತಹವುಗಳಿಗೆ ಸಿ.ಡಿ. ಬೇಕಾಗುತ್ತದೆ. ಹಳೆಯ ಡಿಸ್ಕನ್ನು ಓದಲು ಮಾತ್ರ ಸಾಧ್ಯವಾಗುವಂತೆ ತೆರೆದು, ಬಾಹ್ಯ ಡಿಸ್ಕೊಂದಕ್ಕೆ ಅದರ ಸಮಗ್ರ ಪ್ರತಿಬಿಂಬವನ್ನು ತೆಗೆದುಕೊಳ್ಳಬೇಕು. ಡಿಸ್ಕಿನಲ್ಲಿ ಓದಲಾಗದ ಭಾಗಗಳಿದ್ದಲ್ಲಿ ‘ಡಿಡಿರೆಸ್ಕ್ಯೂ’ ಎಂಬ ಸಾಧನವು ಓದಬಲ್ಲ ಭಾಗಗಳನ್ನು ಮೊದಲು ಸಂಗ್ರಹಿಸಿ, ಉಳಿದವನ್ನು ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ತ್ರುಟಿತ ಗರಿಗಳನ್ನು ಬಿಟ್ಟು ಪೂರ್ಣ ಗರಿಗಳನ್ನು ಮೊದಲು ನಕಲು ಮಾಡಿಕೊಳ್ಳುವ ಲಿಪಿಕಾರನ ವಿವೇಕವೇ ಇದು.

ಮೂರನೆಯದಾಗಿ, ನಕಲಿನ ಪರಿಶುದ್ಧಿಯನ್ನು ಪರೀಕ್ಷಿಸಬೇಕು. ಹಸ್ತಪ್ರತಿಗಳ ಕೊನೆಯಲ್ಲಿ 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಗ್ರಂಥಾಗ್ರವನ್ನು ನಮೂದಿಸುವ ಸಂಪ್ರದಾಯವು ವಾಚಕರಿಗೆ ಸುಪರಿಚಿತ. ಗಣಕದಲ್ಲಿ ಇದಕ್ಕೆ ಸಂವಾದಿಯಾದುದು ‘ಚೆಕ್‌ಸಮ್’. ಫೈಲಿನ ಸಮಸ್ತ ಅಂಶಗಳಿಂದ ಒಂದು ಮೊತ್ತವನ್ನು ಗಣಿಸಿ ಇರಿಸಿಕೊಂಡರೆ, ಎಂದಾದರೂ ಒಂದೇ ಒಂದು ಅಕ್ಷರ ವ್ಯತ್ಯಾಸವಾದರೂ ಮೊತ್ತವು ಬೇರೆಯಾಗಿ ದೋಷವು ಹೊರಬೀಳುತ್ತದೆ. ಗ್ರಂಥಾಗ್ರವು ಅಕ್ಷರಗಳ ಸಂಖ್ಯೆಯನ್ನು ಮಾತ್ರ ಕಾಯುತ್ತಿತ್ತು. ಚೆಕ್‌ಸಮ್ ಅಕ್ಷರಗಳ ಸ್ವರೂಪ ಹಾಗೂ ಕ್ರಮಗಳನ್ನೂ ಕಾಯುತ್ತದೆ.

ನಾಲ್ಕನೆಯದಾಗಿ, ಫೈಲುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಹೋಲಿಸಿ ತಿದ್ದಿ, ಸರಳ ಪಠ್ಯರೂಪದಲ್ಲಿ ಇರಿಸಬೇಕು. ಲೋಹಿತ್, ನೋಟೊ, ಗುಬ್ಬಿ, ನವಿಲು ಮೊದಲಾದ ಉಚಿತ ಯೂನಿಕೋಡ್ ಫಾಂಟುಗಳು ಲಿನಕ್ಸಿನಲ್ಲಿ ಬಳಕೆಗೆ ಸಿಗುತ್ತವೆ. ನುಡಿಯ ಕಗಪ ಕೀಲಿಮಣೆಗೆ ಒಗ್ಗಿದವರಿಗೆ ಅದೇ ವಿನ್ಯಾಸವು ‘ಐಬಸ್’ ಎಂಬ ತಂತ್ರಾಂಶದ ಮೂಲಕ ದೊರೆಯುತ್ತದೆ. ರ್‍ಯಾಮ್ ತೀರ ಕಡಿಮೆಯಿರುವಲ್ಲಿ, ಬೇರೆ ತಂತ್ರಾಂಶದ ನೆರವಿಲ್ಲದೆಯೇ ನಡೆಯುವ ಇನ್‌ಸ್ಕ್ರಿಪ್ಟ್ ವಿನ್ಯಾಸವು ಲೇಸು.

ಐದನೆಯದಾಗಿ, ಪ್ರತಿಗಳನ್ನು ಬೇರೆಬೇರೆ ಸ್ಥಳಗಳಲ್ಲಿ ಇರಿಸಬೇಕು. ಧವಲಾದಿ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿಯೇ ಉಳಿದುಬಂದಿದ್ದುವು. ಅವುಗಳ ನಕಲು ಹೊರಬಂದು, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟವು 1939ರಲ್ಲಿ ಅಚ್ಚಾಗುವವರೆಗೂ ಆ ಮಹಾಗ್ರಂಥದ ಭವಿಷ್ಯವು ಒಂದು ಕೋಣೆಯ ಕ್ಷೇಮವನ್ನು ಅವಲಂಬಿಸಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ದೂರದೃಷ್ಟಿಯು ಇಲ್ಲಿ ಸ್ಮರಣೀಯ. ಗಣಕದ ಫೈಲನ್ನು ಸಾವಿರ ಪ್ರತಿ ಮಾಡಲು ಕ್ಷಣಗಳು ಸಾಕು. ಆದರೂ ಅನೇಕ ಸೂಚಿಗಳು ಇಂದಿಗೂ ಒಂದೇ ಡಿಸ್ಕಿನಲ್ಲಿ ಉಳಿದಿರುವುದು ವಿಷಾದದ ಸಂಗತಿ.

8. ಸಾಮರ್ಥ್ಯ ಮತ್ತು ಮಿತಿಗಳು

ಹಳೆಯ ಯಂತ್ರದಿಂದ ಯಾವ ಕೆಲಸವನ್ನು ಅಪೇಕ್ಷಿಸಬಹುದೆಂಬುದನ್ನು ಅಂಕಿಗಳ ಮೂಲಕ ನಿರ್ಣಯಿಸುವುದು ಒಳಿತು. ಯೂನಿಕೋಡಿನ ರೂಢಿಯ ರೂಪದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟು ಬೇಕು. ಸೂಚಿಯ ಒಂದು ನಮೂದಿಗೆ 1000 ಸಂಕೇತಗಳೆಂದು ಹಿಡಿದರೆ 3000 ಬೈಟು. ಅಂತಹ 5000 ನಮೂದುಗಳ ದೊಡ್ಡ ಭಂಡಾರದ ಸೂಚಿಯೂ ಸುಮಾರು 15 ಮೆಗಾಬೈಟಿನೊಳಗೆ ಅಡಗುತ್ತದೆ. 512 ಮೆಗಾಬೈಟು ರ್‍ಯಾಮ್ ಉಳ್ಳ ಯಂತ್ರಕ್ಕೆ ಇದು ಭಾರವೇ ಅಲ್ಲ.

ಛಾಯಾಪ್ರತಿಗಳ ವಿಷಯ ಬೇರೆ. 45 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಒಂದು ಗರಿಯನ್ನು ಅಂಗುಲಕ್ಕೆ 600 ಬಿಂದುಗಳ ಸಾಂದ್ರತೆಯಲ್ಲಿ ವರ್ಣದಲ್ಲಿ ಪಡೆದರೆ ಒಂದು ಕೋಟಿ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿದ ಬಿಂದುಗಳಾಗುತ್ತವೆ. ಒತ್ತಡಿಸದೆ ತೆರೆದಾಗ ಒಂದೇ ಪಾರ್ಶ್ವಕ್ಕೆ ಸುಮಾರು 38 ಮೆಗಾಬೈಟು ಬೇಕು. ಇಡೀ ಭಂಡಾರದ ಸೂಚಿಗಿಂತ ಒಂದು ಗರಿಯ ಒಂದು ಪಾರ್ಶ್ವದ ಚಿತ್ರವು ಹಿರಿದು. ಆದುದರಿಂದ ಚಿತ್ರಗಳ ಸಂಸ್ಕರಣವನ್ನು ಹೊಸ ಯಂತ್ರಕ್ಕೂ, ಪಾಠದ ಬೆರಳಚ್ಚು, ಸೂಚಿಯ ಪರಿಷ್ಕರಣ, ಅಕಾರಾದಿಯ ರಚನೆಗಳನ್ನು ಹಳೆಯ ಯಂತ್ರಗಳಿಗೂ ಹಂಚುವುದು ಯುಕ್ತ. ಅಂತರಜಾಲದ ಇಂದಿನ ತಾಣಗಳು ಭಾರವಾದುದರಿಂದ, 1 ಗಿಗಾಬೈಟು ಅಥವಾ ಅದಕ್ಕೂ ಕಡಿಮೆ ರ್‍ಯಾಮ್ ಉಳ್ಳ ಯಂತ್ರದಲ್ಲಿ ಅವುಗಳ ಸುಗಮ ವೀಕ್ಷಣೆಯನ್ನು ಯಾವ ಲಘು ವ್ಯವಸ್ಥೆಯೂ ಒದಗಿಸಲಾರದು.

ವಿದ್ಯುತ್ತಿನ ವಿಚಾರವನ್ನೂ ಮರೆಯಲಾಗದು. ಪೆಂಟಿಯಂ 4ರ ಕೆಲವು ಮಾದರಿಗಳಲ್ಲಿ ಸಂಸ್ಕಾರಕವೊಂದೇ ನೂರು ವ್ಯಾಟಿನ ಆಸುಪಾಸಿನಲ್ಲಿ ಶಾಖವನ್ನು ಹೊರಸೂಸುತ್ತದೆ. ಇಂದಿನ ಒಂದು ಚಿಕ್ಕ ಗಣಕಫಲಕವು ಕೆಲವೇ ವ್ಯಾಟುಗಳಲ್ಲಿ ಅದೇ ಕೆಲಸವನ್ನು ಮಾಡಬಲ್ಲದು. ಹಗಲಿರುಳೂ ನಡೆಯಬೇಕಾದ ಕಾರ್ಯಕ್ಕೆ ಹಳೆಯ ಯಂತ್ರವು ಮಿತವ್ಯಯದ್ದಲ್ಲ. ನಾಗಮಂಗಲ, ಪಾಂಡವಪುರದಂತಹ ತಾಲ್ಲೂಕುಗಳ ಹಳ್ಳಿಗಳಲ್ಲಿ ವಿದ್ಯುತ್ತು ಹಠಾತ್ತನೆ ಕಡಿತಗೊಂಡರೆ, ರ್‍ಯಾಮಿನಲ್ಲಿಯೇ ನಡೆಯುವ ಪಪ್ಪಿಯಂತಹ ವ್ಯವಸ್ಥೆಯಲ್ಲಿ ಉಳಿಸದಿದ್ದ ಬರಹವೆಲ್ಲ ಅಳಿಯುತ್ತದೆ; ಆಗಾಗ ಉಳಿಸುವ ಅಭ್ಯಾಸ ಅಥವಾ ಬ್ಯಾಟರಿಯುಳ್ಳ ಮಡಿಲಗಣಕ ಇಲ್ಲಿ ಅವಶ್ಯ. ಮೇಲಾಗಿ 32 ಬಿಟ್‌ನ ಹಳೆಯ ವ್ಯವಸ್ಥೆಗಳ ಕಾಲಗಣನೆಯು 19 ಜನವರಿ 2038ರಂದು ತನ್ನ ಅಂಕೆಗಳ ಮಿತಿಯನ್ನು ತಲುಪುತ್ತದೆ. ಅವುಗಳ ಆಯುಸ್ಸಿಗೆ ಅದೊಂದು ಸಹಜವಾದ ಎಲ್ಲೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಫಲಿಸುತ್ತವೆ. ಹಳೆಯ ಗಣಕಯಂತ್ರವು ನಿರುಪಯುಕ್ತವಾಗಿ ತೋರುವುದು ಬಹುಮಟ್ಟಿಗೆ ಅದರ ಮೇಲೆ ಹೇರಿದ ತಂತ್ರಾಂಶದ ಭಾರದಿಂದ. ಲಘು ವ್ಯವಸ್ಥೆಯೊಂದರಿಂದ ಅದು ಪಠ್ಯಸಂಬಂಧದ ಕೆಲಸಗಳಿಗೆ ಮತ್ತೆ ಅರ್ಹವಾಗುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಹಳೆಯ ಫಾಂಟುಗಳಲ್ಲಿ ಬಂಧಿತವಾದ ಸೂಚಿಗಳನ್ನು ಮೂಲಕ್ಕೆ ಹಾನಿಯಾಗದಂತೆ ಬಿಡಿಸಿಕೊಳ್ಳಲು ಅದು ಸಮೀಪದ ಉಪಾಯ. ಆದರೆ 32 ಬಿಟ್ ಯಂತ್ರಗಳಿಗೆ ಪೋಷಣೆಯು ಒಂದೊಂದಾಗಿ ನಿಲ್ಲುತ್ತಿರುವುದರಿಂದ ಈ ಉಪಾಯಕ್ಕೆ ಕಾಲದ ಮಿತಿಯುಂಟು.

ನಾಗಮಂಗಲ ತಾಲ್ಲೂಕಿನಲ್ಲಿಯೇ ಗಂಗರ ಕಾಲದ ಪಂಚಕೂಟ ಬಸದಿಯ ಕಂಬದಹಳ್ಳಿಯಿದೆ. ಆ ಪ್ರದೇಶದ ಶಾಸನಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟವು 1979ರಲ್ಲಿ ಅಚ್ಚಿನಲ್ಲಿ ಒದಗಿಸಿತು. ಅಚ್ಚಾದ ಆ ಪುಟಗಳನ್ನು ಇಂದು ತೆರೆದರೂ ಓದಬಹುದು. 2003ರಲ್ಲಿ ಬೆರಳಚ್ಚಾದ ಫೈಲನ್ನು ಹಾಗೆ ಓದಲು ಯಂತ್ರ, ವ್ಯವಸ್ಥೆ, ಫಾಂಟು ಮೂರೂ ಕೂಡಿಬರಬೇಕು. ಆದುದರಿಂದ ಹಸ್ತಪ್ರತಿಗಳ ಸಂಗ್ರಹವುಳ್ಳ ಸಂಸ್ಥೆಗಳು, ಹಾಗೂ ಸ್ವಂತ ಯಂತ್ರದಲ್ಲಿ ಸೂಚಿಗಳನ್ನು ಸಿದ್ಧಪಡಿಸಿ ಇರಿಸಿಕೊಂಡಿರುವ ವಿದ್ವಾಂಸರು, ಕೈಬಿಡಬೇಕೆಂದಿರುವ ಪ್ರತಿಯೊಂದು ಗಣಕಯಂತ್ರದ ಡಿಸ್ಕನ್ನೂ ಒಮ್ಮೆ ಪರೀಕ್ಷಿಸಿ, ಅದರ ಪ್ರತಿಬಿಂಬವನ್ನು ತೆಗೆದಿರಿಸಿದ ಬಳಿಕವೇ ಅದನ್ನು ವಿಲೇವಾರಿ ಮಾಡಬೇಕೆಂದು ವಿನಂತಿ. ಒಂದು ಪೆನ್ ಡ್ರೈವು, ಒಂದು ಬಾಹ್ಯ ಡಿಸ್ಕು, ಎರಡು ದಿನಗಳ ತಾಳ್ಮೆ ಇಷ್ಟು ಈ ಕೆಲಸಕ್ಕೆ ಸಾಕು. ಓಲೆಗಳು ಶಿಥಿಲವಾದಾಗ ಹೊಸ ಓಲೆಗಳ ಮೇಲೆ ಪ್ರತಿಮಾಡಿಸಿದ ಪೂರ್ವಿಕರ ಪರಿಪಾಠವನ್ನು ಈ ಹೊಸ ಮಾಧ್ಯಮಕ್ಕೂ ವಿಸ್ತರಿಸುವುದು ನಮ್ಮ ತಲೆಮಾರಿನವರ ಪಾಲಿಗೆ ಬಂದಿರುವ ಕರ್ತವ್ಯವಾಗಿದೆ.